ಗ್ರಾಫಿಕ್ಸ್ ಕಾರ್ಡೂ ಸತ್ತವರ ಮೈಬಣ್ಣವೂ

ನನ್ನ ಹೊಟ್ಟೆ ತುಂಬುವುದು ಸತ್ತವರಿಂದ. ಹೀಗೆಂದ ಕೂಡಲೇ ನನ್ನನ್ನು ಪುರೋಹಿತನೆಂದೋ ವೈದ್ಯನೆಂದೋ ತಿಳಿಯಬೇಡಿ. ನಾನು ಗದಗಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನು. ಮದುವೆ ಕಾರ್ಡು, ಹುಟ್ಟುಹಬ್ಬದ ಬ್ಯಾನರು ಎಲ್ಲವನ್ನೂ ಮಾಡುತ್ತೇನೆ. ಆದರೆ ಮದುವೆಗೆ ಮುಹೂರ್ತ ಬೇಕು, ಸಾವಿಗೆ ಬೇಡ. ಹಾಗಾಗಿ ವರ್ಷವಿಡೀ ಕೈ ಹಿಡಿಯುವುದು 'ಭಾವಪೂರ್ಣ ಶ್ರದ್ಧಾಂಜಲಿ'ಯೇ. ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಕಂಬಗಳ ಮೇಲೆ ಕೈಮುಗಿದು ನಿಂತಿರುವ ಹಿರಿಯರಲ್ಲಿ ಎಷ್ಟೋ ಜನ ನನ್ನ ಕಂಪ್ಯೂಟರಿನಿಂದ ಎದ್ದು ಹೋದವರು. ಆ ಕೈಗಳೂ ಅವರವಲ್ಲ. ಮುಗಿದ ಕೈಗಳ ಒಂದು ಜೋಡಿ ನನ್ನಲ್ಲಿ ಸದಾ ತಯಾರಿರುತ್ತದೆ, ಬೇಕಾದವರ ಕುತ್ತಿಗೆಯ ಕೆಳಗೆ ಕೂಡಿಸುತ್ತೇನೆ. ಮನೆಯವರು ತಪ್ಪದೆ ಕೇಳುವುದು ಒಂದೇ, ಸ್ವಲ್ಪ ಬೆಳ್ಳಗೆ ಮಾಡಿ ಎಂದು. ಇದ್ದಾಗ ಒಂದು ಛತ್ರಿ ಕೊಡಿಸದ ಮಕ್ಕಳು ಸತ್ತ ಮೇಲೆ ಅಪ್ಪನನ್ನು ಬೆಳ್ಳಗೆ ಮಾಡಿಸುತ್ತಾರಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ನನ್ನ ಕಂಪ್ಯೂಟರ್ ಬಹಳ ಹಳೆಯದು. ಹೊಸದಕ್ಕೆ ಹೋದರೆ ಹಳೆಯ ಕಾರ್ಡುಗಳ ಕನ್ನಡ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆಂಬ ಭಯಕ್ಕೆ ಅದನ್ನೇ ಸಾಕಿಕೊಂಡು ಬಂದಿದ್ದೇನೆ. ಮೂರು ತಿಂಗಳ ಹಿಂದೆ ಅದರ ಪರದೆಯ ಮೇಲೆ ಅಡ್ಡಡ್ಡ ಗೆರೆಗಳು ಮೂಡತೊಡಗಿದವು. ಶಿರಹಟ್ಟಿಯ ಒಬ್ಬ ನಿವೃತ್ತ ಮಾಸ್ತರರು ಜಮಖಾನೆ ಹೊದ್ದವರಂತೆ ಕಂಡರು. ನನಗೆ ತಿಳಿದ ಚಿಕಿತ್ಸೆಗಳನ್ನೆಲ್ಲ ಮಾಡಿದೆ: ಆರಿಸಿ ಹಚ್ಚಿದೆ, ವೈರು ಬದಲಿಸಿದೆ, ಪಕ್ಕಕ್ಕೆ ಎರಡು ಬಡಿದೆ. ಕೊನೆಗೆ, ಹಿಂದೆ ರೇಡಿಯೋ ರಿಪೇರಿ ಮಾಡಿಕೊಂಡಿದ್ದ ಮೆಹಬೂಬಸಾಬರನ್ನು ಕರೆದೆ. ಅವರು ಡಬ್ಬಿ ಬಿಚ್ಚಿ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ಹೊರಗೆಳೆದು, ಅದರ ಪುಟ್ಟ ಫ್ಯಾನಿನ ಧೂಳು ತೆಗೆದು, ಬಂಗಾರದ ಹಲ್ಲುಗಳಂಥ ಅದರ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದರು. ಗೆರೆಗಳು ಹೋದವು. ಸಾಬರು ಮಾತ್ರ ಪರದೆಯನ್ನೇ ನೋಡುತ್ತ ನಿಂತರು.

"ಇದರ ಆಯುಷ್ಯ ಮುಗದೈತ್ರಿ. ಬಣ್ಣಾನೂ ಹಳದಿ ಹೊಡಿಯಾಕತ್ತೈತಿ. ಬ್ಯಾರೆ ಕಾರ್ಡ್ ಹಾಕೂಣು," ಎಂದರು.

ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ಬಣ್ಣದಲ್ಲೇ ಬದುಕಿದವನಿಗೆ ರೇಡಿಯೋ ರಿಪೇರಿಯವರು ಹಳದಿ ತೋರಿಸಬೇಕೆ? ಗೆರೆ ಹೋಯಿತಲ್ಲ ಸಾಕು ಎಂದು ಚಹ ಕುಡಿಸಿ ಕಳಿಸಿದೆ. ಆಮೇಲೆ ಬಂದ ಫೋಟೊಗಳೆಲ್ಲ ಕಾಮಾಲೆಯವರ ಹಾಗೆ ಕಾಣುತ್ತಿದ್ದುದು ನಿಜ. ಈಗಿನ ಮೊಬೈಲುಗಳೇ ಸರಿಯಿಲ್ಲ ಎಂದುಕೊಂಡು, ಒಂದೊಂದು ಮುಖಕ್ಕೂ ಶ್ರದ್ಧೆಯಿಂದ ನೀಲಿ ಸೇರಿಸಿ ಹಳದಿ ಇಳಿಸಿದೆ. ಪ್ರಿಂಟ್ ಆಗುವುದು ಬೇರೆ ಕಡೆ, ಗಿರಾಕಿಗಳು ಅಲ್ಲಿಂದಲೇ ಒಯ್ಯುತ್ತಾರೆ. ಯಾರೂ ತಿರುಗಿ ಬಂದು ಏನೂ ಅನ್ನಲಿಲ್ಲ.

ತಿರುಗಿ ಬಂದವನು ಶಿವಪ್ಪ ಒಬ್ಬನೇ. ಬೆಟಗೇರಿಯ ನೇಕಾರ. ಹೆಂಡತಿ ತೀರಿಕೊಂಡು ವಾರವಾಗಿತ್ತು. ಆಕೆಯದೆಂದು ಇದ್ದದ್ದು ಅವನ ಮೊಬೈಲಿನಲ್ಲಿದ್ದ ಒಂದೇ ಫೋಟೊ. ಯಾರದೋ ಮದುವೆಯಲ್ಲಿ ತೆಗೆದದ್ದು. ಮರುದಿನದ ಕಾರ್ಯಕ್ಕೆ ಅದನ್ನು ದೊಡ್ಡದು ಮಾಡಿಸಿ ಇಡಬೇಕಿತ್ತು. ನಾನು ಮಾಡಿಕೊಟ್ಟದ್ದರ ಪ್ರಿಂಟನ್ನು ಸುರುಳಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಹಾಸಿದ.

"ಈ ಸೀರಿ ನಾನ ನೇಯ್ದದ್ದರಿ. ನೂಲಿಗೆ ಬಣ್ಣ ಹಾಕಿದಾಂವನೂ ನಾನ. ಇದು ಗಿಳಿ ಹಸರು. ನೀವು ನವಿಲ ಬಣ್ಣ ಮಾಡೀರಿ."

ಪ್ರಿಂಟ್ ಮಾಡಿದವರ ಯಂತ್ರವನ್ನು ನಾನು ಬಯ್ಯತೊಡಗಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಚಿತ್ರದ ಕೆನ್ನೆಯ ಮೇಲೆ ಬೆರಳಿಟ್ಟ.

"ಮುಖಾನೂ ಹಂಗ ಆಗೇತ್ರಿ. ದವಾಖಾನಿಯಿಂದ ಮನಿಗಿ ತಂದಾಗ ಹಿಂಗ ಇದ್ಲು. ಬದುಕಿದ್ದಾಗ ಹಿಂಗ ಇರಲಿಲ್ಲ."

ಅವನ ಮೊಬೈಲನ್ನು ಪರದೆಯ ಪಕ್ಕ ಹಿಡಿದು ನೋಡಿದೆ. ಮೊಬೈಲಿನಲ್ಲಿದ್ದ ಹೆಂಗಸು ಈಗಷ್ಟೇ ಊಟ ಮುಗಿಸಿ ಎದ್ದವಳಂತೆ ಇದ್ದಳು. ಅದೇ ಫೋಟೊ ನನ್ನ ಪರದೆಯಲ್ಲಿ ಕಾಮಾಲೆ, ಪ್ರಿಂಟಿನಲ್ಲಿ ಹೆಣ. ಹಳದಿ ಇದ್ದದ್ದು ನನ್ನ ಪರದೆಯಲ್ಲಿ ಮಾತ್ರ, ಅದನ್ನು ಇಳಿಸಲು ನಾನು ಸೇರಿಸಿದ ನೀಲಿ ಪ್ರಿಂಟಿಗೆ ಹೋಗಿತ್ತು. ಮೆಹಬೂಬಸಾಬರಿಗೆ ಫೋನು ಮಾಡಿದೆ. ಅವರು ಬಂದು ತಮ್ಮಲ್ಲಿದ್ದ ಹಳೆಯದೇ ಇನ್ನೊಂದು ಕಾರ್ಡನ್ನು ಹಾಕಿದರು. ಪರದೆಗೆ ಸ್ನಾನ ಮಾಡಿಸಿದಂತಾಯಿತು. 'ನಾನು ಅವತ್ತೇ ಹೇಳಿದ್ದೆ' ಎನ್ನುತ್ತಾರೆಂದು ಕಾದೆ. ಅವರು ಅನ್ನಲಿಲ್ಲ, ಸುಮ್ಮನೆ ಚಹ ಕುಡಿದರು. ಅಂದಿದ್ದರೆ ಚೆನ್ನಾಗಿತ್ತು. ಶಿವಪ್ಪ ಪಕ್ಕದಲ್ಲಿ ಕುಳಿತು ಮೊದಲು ಸೀರೆಯ ಬಣ್ಣ ಹೇಳಿಕೊಟ್ಟ. ಸೀರೆ ಗಿಳಿ ಹಸಿರಿಗೆ ಬಂದ ಹೊತ್ತಿಗೆ ಮುಖವೂ ತಾನಾಗಿ ತಿಳಿಯಾಯಿತು. ಬೆಳ್ಳಗೆ ಮಾಡಲೇ ಎಂದು ಅಭ್ಯಾಸಬಲದಿಂದ ಕೇಳಿದೆ. ಬೇಡವೆಂದು ತಲೆಯಾಡಿಸಿದ.

ಸಂಜೆ ಮನೆಗೆ ನಡೆದು ಹೋಗುವಾಗ ಕಂಬಗಳನ್ನು ನೋಡಲಾಗಲಿಲ್ಲ. ಮೂರು ತಿಂಗಳಲ್ಲಿ ನಾನು ಎರಡನೇ ಸಲ ಸಾಯಿಸಿದ ಅಷ್ಟೂ ಜನ ಅಲ್ಲಿ ನೀಲಿಗಟ್ಟಿ ಕೈಮುಗಿದು ನಿಂತಿದ್ದರು. ಸತ್ತವರು ಹೀಗೇ ಇರುತ್ತಾರೇನೋ ಎಂದು ಅವರ ಮನೆಯವರು ಒಪ್ಪಿಕೊಂಡಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಎದುರು ಗೋಡೆಯ ಮೇಲೆ ಅವ್ವನ ಫೋಟೊ. ಅವಳು ಹೋಗಿ ಎರಡು ತಿಂಗಳು. ಬೇರೆಯವರ ಕೈಗೆ ಕೊಡದೆ ನಾನೇ ಮುತುವರ್ಜಿಯಿಂದ ಮಾಡಿ, ಕಟ್ಟು ಹಾಕಿಸಿ, ದಿನಾ ಬೆಳಿಗ್ಗೆ ಊದುಬತ್ತಿ ಬೆಳಗುತ್ತ ಬಂದದ್ದು. ತುಟಿಯೂ ನೀಲಿ, ಉಗುರೂ ನೀಲಿ.

ಹೆಂಡತಿಯನ್ನು ಕರೆದು, ನಿನಗೆ ಕಂಡಿರಲಿಲ್ಲವೇ ಎಂದು ಕೇಳಿದೆ.

"ಮೊದಲನೇ ದಿನಾನ ಕಂಡಿತ್ರಿ. ಬಣ್ಣದಾಗ ಕೆಲಸ ಮಾಡೋರು ನೀವು, ನಿಮಗ ಗೊತ್ತಿರತೈತಿ ಅಂತ ಸುಮ್ಮನಾದ್ನಿ," ಎಂದಳು.

ಮರುದಿನ ಅವಳನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಅವ್ವನ ಫೋಟೊ ತೆರೆದೆ. ಪರದೆ ಈಗ ಸುಳ್ಳು ಹೇಳುತ್ತಿರಲಿಲ್ಲ, ಆದರೆ ಅವ್ವನ ನಿಜವಾದ ಮೈಬಣ್ಣ ಯಾವುದೆಂದು ನನಗೇ ನೆನಪಾಗಲಿಲ್ಲ. ನೀಲಿ ತೆಗೆದೆ. ಅಷ್ಟಾದರೂ ಅವಳು ಅವ್ವನಾಗಲಿಲ್ಲ. ಹೆಂಡತಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂದೀಟು ಕಪ್ಪ ಮಾಡ್ರಿ. ಅಂತೂರ ಬೆಂತೂರ ಊರಿನ ಹೊಲದಾಗ ಬಿಸಲಾಗ ಕಳೆ ತಗದು ನಿಮ್ಮನ್ನ ಸಾಲಿ ಕಲಿಸ್ಯಾರ ಅತ್ತಿ."

ಇಪ್ಪತ್ತು ವರ್ಷದಲ್ಲಿ ಕಪ್ಪು ಮಾಡಿ ಎಂದು ಕೇಳಿದ ಗಿರಾಕಿ ಇವಳೊಬ್ಬಳೇ. ನಾನು ಹಚ್ಚಿದ್ದ ಬಿಳುಪನ್ನೆಲ್ಲ ತೆಗೆಯುತ್ತ ಹೋದೆ. ಹಣೆಗೆ ಬಿಸಿಲು ಬಂತು, ಕೆನ್ನೆಗೆ ಬಂತು, ಕಡೆಗೆ ಅವ್ವ ಬಂದು ನನ್ನೆದುರು ಕುಳಿತಳು. ಅವಳಿಗೆ ಒಂದು ಛತ್ರಿ ಕೊಡಿಸಿದ ನೆನಪು ನನಗೂ ಇಲ್ಲ.