ಬಿದ್ದ ಗೋಡೆಗೆ ವಾರಸುದಾರರಿಲ್ಲ

ಗೋಡೆ ಬೀಳುವುದು, ಅದರ ಹಿಂದೆಯೇ ಮಾತು ಏಳುವುದು ತಿ. ನರಸೀಪುರದ ನಮ್ಮ ಬೀದಿಗೆ ಹೊಸದಲ್ಲ. ಈ ಮಳೆಗಾಲದಲ್ಲಿ ಸರದಿ ನನ್ನದಾಗಿತ್ತು.

೧. ಬಿದ್ದ ದಿನ

ಭಾನುವಾರ ಮಧ್ಯಾಹ್ನ, ನನ್ನ ಮನೆಗೂ ಪಕ್ಕದ ಬಾಳೆಲೆ ವ್ಯಾಪಾರಿಯ ಮನೆಗೂ ನಡುವಿನ ಗೋಡೆ ಹನ್ನೊಂದು ಅಡಿ ಉದ್ದಕ್ಕೆ ನನ್ನ ಅಂಗಳದೊಳಕ್ಕೆ ಮಲಗಿತು. ಅದರಡಿ ನನ್ನ ಹೆಂಡತಿಯ ಸ್ಕೂಟರಿತ್ತು. ಸೋಸಲೆಯ ಅಂಗನವಾಡಿಗೆ ಅವಳು ಅದರಲ್ಲೇ ಹೋಗಿಬರುತ್ತಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾಯಿತು. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಆದರೂ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಐದು ನಿಮಿಷ ಸದ್ದು ಕೇಳಿ ಆಫ್ ಮಾಡುತ್ತಿದ್ದೆ. ಅದು ಮತ್ತೆ ಸ್ಟಾರ್ಟ್ ಆಗಬೇಕು. ನನಗೆ ಬೇಕಾದದ್ದು ಅಷ್ಟೇ.

ವ್ಯಾಪಾರಿ ಓಡಿ ಬಂದರು. "ಮೇಷ್ಟ್ರೇ, ನಿಮ್ ಗೋಡೆ ಬಿದ್ದೋಯ್ತಲ್ಲ!"

ಹಿಂದೊಮ್ಮೆ ಬಟ್ಟೆ ಹಗ್ಗಕ್ಕೆಂದು ಇದೇ ಗೋಡೆಗೆ ನಾನೊಂದು ಮೊಳೆ ಹೊಡೆದಾಗ, "ನಮ್ ಗೋಡೆಗೆ ಯಾಕ್ರೀ ಮೊಳೆ ಹೊಡೀತೀರಿ?" ಎಂದು ಜಗಳಕ್ಕೆ ನಿಂತವರೂ ಇವರೇ.

"ಇದು ನನ್ನದಾದದ್ದು ಯಾವಾಗ?" ಎಂದೆ.

ಇಟ್ಟಿಗೆ ರಾಶಿಯನ್ನೊಮ್ಮೆ ನೋಡಿದರು. "ಈಗೊಂದ್ ಕಾಲ್ ಗಂಟೆ ಆಯ್ತು."

೨. ಮೇಸ್ತ್ರಿಯ ತೀರ್ಪು

ನಂಜನಗೂಡಿನಿಂದ ಹಳೆಯ ಗಾರೆ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರ ಕಾಲದ ವಾಡಿಕೆಯೊಂದಿದೆ: ಗೋಡೆಯ ತಲೆಗೆ ಬಳಿದ ಗಾರೆ ಯಾರ ಕಡೆಗೆ ಇಳಿಜಾರೋ ಗೋಡೆ ಅವರದು. ಮಳೆನೀರು ಕಟ್ಟಿಸಿದವರ ಅಂಗಳಕ್ಕೇ ಬೀಳಬೇಕು.

ಮೇಸ್ತ್ರಿ ರಾಶಿಯನ್ನು ಮೂರು ಸುತ್ತು ಹಾಕಿದರು. "ಇಳಿಜಾರು ಪೂರ್ತಿ ಮೇಷ್ಟ್ರ ಕಡೀಕೇ ಅದೆ."

"ಅದು ಬಿದ್ದ ಮೇಲಿನ ಇಳಿಜಾರಪ್ಪ. ನಿಂತಿದ್ದಾಗ?" ಎಂದೆ.

"ನಿಂತಿದ್ದಾಗ ನನ್ನ ಯಾರ್ ಕರೆದ್ರಿ?"

೩. ಟೇಪು ಹಿಡಿದ ದಿನ

ಕೊನೆಗೆ ಇಬ್ಬರೂ ಸೇರಿ ಸರ್ವೇ ಕಚೇರಿಗೆ ಅರ್ಜಿ ಕೊಟ್ಟೆವು. ಸರ್ವೇಯರ್ ಬಂದು ಅಳೆದು, ನನ್ನ ಅಂಗಳದಲ್ಲಿ ಒಂದು ಕಡೆ ಅಗೆಸಿದರು. ಹದ್ದುಕಲ್ಲು ಸಿಕ್ಕಿತು, ಗೋಡೆಯ ಪಾಯದಿಂದ ಎರಡು ಅಡಿ ನನ್ನ ಕಡೆಗೆ. ಅಂದರೆ ಗೋಡೆಯಷ್ಟೇ ಅಲ್ಲ, ನಾನು ನನ್ನದೆಂದುಕೊಂಡಿದ್ದ ಆ ಎರಡು ಅಡಿಯೂ ವ್ಯಾಪಾರಿಯದು.

"ನಾನ್ ಯೋಳ್ಲಿಲ್ವಾ!" ಎಂದು ವ್ಯಾಪಾರಿ ಕುಣಿದರು. ಅವರು ಹೇಳಿದ್ದು ಇದರ ಉಲ್ಟಾ ಎಂಬುದನ್ನು ನಾನು ನೆನಪಿಸಲಿಲ್ಲ.

ನೆನಪಿಸಿದವರು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ. "ಅಂಗಾರೆ ಗೋಡೇನೂ ನಮ್ದೇ. ಗಾಡಿ ಮೇಲೆ ಬಿದ್ದಿರೋದೂ ನಮ್ದೇ."

ವ್ಯಾಪಾರಿ ಕುಣಿಯುವುದನ್ನು ನಿಲ್ಲಿಸಿದರು. ಆಕೆ ಸೀದಾ ನನ್ನ ಅಂಗಳಕ್ಕೆ ಬಂದು, ನಾನು ಇಟ್ಟಿಗೆಯಡಿಯಿಂದ ಎಳೆದು ನಿಲ್ಲಿಸಿದ್ದ ಸ್ಕೂಟರಿನ ಹ್ಯಾಂಡಲ್ ಹಿಡಿದು ಗಂಡನತ್ತ ತಿರುಗಿದರು. "ನಿಮ್ ಕಾಲು ಉಳುಕ್ದಾಗ ಆಸ್ಪತ್ರೆಗೆ ಕೂರಿಸ್ಕೊಂಡ್ ಓಗಿದ್ದು ಆ ಯಮ್ಮ, ಇದೇ ಗಾಡೀಲಿ. ಮೆಕ್ಯಾನಿಕ್ ತಾವ್ಕೆ ತಳ್ಳಿ, ಇಂದ್ಗಡೆಯಿಂದ!"

ವ್ಯಾಪಾರಿ ತಳ್ಳಿದರು. ನಾಲ್ಕನೆಯ ದಿನ ಗಾಡಿ ಮನೆಗೆ ಬಂತು. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಅಂದು ನಾನು ಐದು ನಿಮಿಷಕ್ಕೆ ಆಫ್ ಮಾಡಲಿಲ್ಲ.

ಆದರೆ ತಳ್ಳಿದ ದಿನ, ಬೀದಿಯ ತಿರುವಿನಲ್ಲಿ ಬೆವರು ಒರೆಸಿಕೊಳ್ಳುತ್ತ ವ್ಯಾಪಾರಿ, ನನ್ನ ಮನೆ ಮುಂದೆ ಟೇಪು ಸುತ್ತುತ್ತಿದ್ದ ಸರ್ವೇಯರ್‌ ಕಡೆ ತಿರುಗಿ ಕೂಗಿದ್ದನ್ನು ನಮ್ಮ ಬೀದಿ ಇನ್ನೂ ಹೇಳಿಕೊಂಡು ನಗುತ್ತದೆ:

"ಸಾ, ಟೇಪು ಸುತ್ಬೇಡಿ! ಇನ್ನೊಂದ್ಸಲ ಅಳೀರಿ! ಜಾಗ ನಮ್ ಕಡೀಕೇ ಇರ್ಲಿ, ಗೋಡೆ ಒಂದ್ ಮೇಷ್ಟ್ರ ಕಡೀಕ್ ಓಗಂಗೆ ಏನಾದ್ರೂ ಆಯ್ತದಾ ನೋಡಿ!"