ಕೆಂಪಿಗೆ ನಾನು ಹೇಳಿದ ಸುಳ್ಳು

ದೇವರ ಮುಂದೆ ಸುಳ್ಳು ಹೇಳಿದವರು, ಹೆಂಡತಿಯ ಮುಂದೆ ಸುಳ್ಳು ಹೇಳಿದವರು ನಮ್ಮ ಕ್ಯಾಲನೂರಿನಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆಲ್ಲ ಒಂದು ದಾರಿಯಿದೆ. ತಪ್ಪುಕಾಣಿಕೆ ಹಾಕಬಹುದು, ಇಲ್ಲವೇ ಎರಡು ದಿನ ಬೈಸಿಕೊಂಡು ತಲೆ ತಗ್ಗಿಸಿ ಕೂರಬಹುದು. ನಾನು ಸುಳ್ಳು ಹೇಳಿದ್ದು ಒಂದು ಹಸುವಿಗೆ, ಅದೂ ಗಿಟಾರಿನಲ್ಲಿ. ಇದಕ್ಕೆ ಯಾವ ದೇವಸ್ಥಾನದಲ್ಲಿ ಏನು ಹರಕೆಯೋ ಪೂಜಾರಿಗೂ ಗೊತ್ತಿರಲಾರದು. ಆದ್ದರಿಂದ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಗಿಟಾರು ಎಂದರೆ ಹುಡುಗರು ಕೊರಳಿಗೆ ನೇತುಹಾಕಿಕೊಳ್ಳುವಂಥದ್ದಲ್ಲ. ಇದರ ಹೆಸರು ಪೆಡಲ್ ಸ್ಟೀಲ್ ಗಿಟಾರ್. ನಾಲ್ಕು ಕಾಲಿನ ಉದ್ದನೆಯ ಪುಟ್ಟ ಮೇಜಿನಂತಿರುತ್ತದೆ. ಮೇಲೆ ಹತ್ತು ತಂತಿ, ಕೆಳಗೆ ಪಾದದಲ್ಲಿ ಒತ್ತಲು ಮೂರು ಪೆಡಲು, ಮೊಣಕಾಲಿನಲ್ಲಿ ತಳ್ಳಲು ಒಂದೆರಡು ಲಿವರು. ಬಲಗೈಯಲ್ಲಿ ಮೀಟುತ್ತಾ ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸಬೇಕು. ಪೆಡಲು ಒತ್ತಿದರೆ ತಂತಿ ಬಿಗಿಯಾಗಿ ಸ್ವರ ಮೆಲ್ಲಗೆ ಮೇಲಕ್ಕೇರುತ್ತದೆ. ನಾನು ಓದಿದ್ದು ಹೈಸ್ಕೂಲಿನ ತನಕ. ಅಲ್ಲಿ ಕಲಿತ ಸಂಗೀತವೆಂದರೆ ಬೆಳಗಿನ ಪ್ರಾರ್ಥನೆಯಲ್ಲಿ ಸದ್ದಿಲ್ಲದೆ ತುಟಿ ಆಡಿಸುವುದು. ಆಮೇಲೆ ಆಯುಷ್ಯವೆಲ್ಲ ಬಸ್ಸುಗಳ ಕೆಳಗೆ ಮಲಗಿ ಮೆಕ್ಯಾನಿಕ್ ಕೆಲಸ ಮಾಡಿದೆ. ಆದ್ದರಿಂದ ಕೋಲಾರದ ಗುಜರಿ ಅಂಗಡಿಯಲ್ಲಿ ಇದು ಕಣ್ಣಿಗೆ ಬಿದ್ದಾಗ ನನ್ನ ಮನಸ್ಸು ಹೋದದ್ದು ಸಂಗೀತದ ಕಡೆಗಲ್ಲ, ಅದರ ಹೊಟ್ಟೆಯೊಳಗಿನ ಸರಳು, ಸ್ಪ್ರಿಂಗುಗಳ ಕಡೆಗೆ. ಅಂಗಡಿಯ ರಹಮತ್ ಭಾಯಿ ಅದನ್ನು ಶಾವಿಗೆ ಮಾಡುವ ಯಂತ್ರವೆಂದು ನಂಬಿಕೊಂಡಿದ್ದರು. ಒಂದು ಭಾಗ ಕಳೆದುಹೋಗಿದೆ, ಅದು ಸಿಕ್ಕರೆ ಒಂದೇ ಸಲಕ್ಕೆ ಹತ್ತು ಎಳೆ ಬರುತ್ತದೆ ಎಂದು ನನಗೂ ಭರವಸೆ ಕೊಟ್ಟರು.

ಮನೆಗೆ ತಂದು ಬಿಚ್ಚಿ ನೋಡಿದರೆ ಕಳೆದುಹೋಗಿದ್ದದ್ದು ಒಂದಲ್ಲ, ಹಲವು. ಮುರಿದ ಸರಳಿನ ಜಾಗಕ್ಕೆ ಸ್ಕೂಟರಿನ ಕ್ಲಚ್ ಕೇಬಲ್ ಹಾಕಿದೆ. ಮೊಣಕಾಲಿನ ಲಿವರಿಗೆ ಸೈಕಲ್ಲಿನ ಬ್ರೇಕು ಬಂತು. ತಂತಿಯ ಮೇಲೆ ಜಾರಿಸಲು ಲಾರಿಯ ಪಿಸ್ಟನ್ ಪಿನ್ನು. ಭಜನೆಯವರು ಬೇಡವೆಂದು ಬಿಟ್ಟಿದ್ದ ಹಳೆಯ ಆಂಪ್ಲಿಫೈಯರಿಗೆ ಜೀವ ಬರಿಸಿದೆ. ಫೋನಿನಲ್ಲಿ ವಿದೇಶದವರು ಬಾರಿಸುವುದನ್ನು ನೋಡಿದರೆ ಬೆಣ್ಣೆ ಕರಗಿದಂತೆ ಕೇಳುತ್ತಿತ್ತು. ನಾನು ಬಾರಿಸಿದರೆ ಬಸ್ಸು ಘಾಟಿ ಹತ್ತಿದಂತೆ ಕೇಳುತ್ತಿತ್ತು. ಅವರ ದಾರಿ ನನಗಲ್ಲ ಎಂದು ತಿಳಿದ ಮೇಲೆ ನನ್ನದೇ ದಾರಿ ಹಿಡಿದೆ. ತಂತಿಗಳ ಅಡಿಗೆ ಟವಲು ತುರುಕಿ ಮೀಟಿದೆ. ಪೊರಕೆ ಕಡ್ಡಿಯಿಂದ ತಟ್ಟಿದೆ. ಹೆಂಡತಿಯ ಬಾಚಣಿಗೆಯಿಂದ ಉಜ್ಜಿದೆ. ಮೂರನೆಯ ದಿನ ಪಕ್ಕದ ಮನೆಯ ಕೃಷ್ಣಪ್ಪ ಬಾಗಿಲಿಗೆ ಬಂದು, ತುಂಬಾ ಮರ್ಯಾದೆಯಿಂದ ಕೇಳಿದ: "ಏಮಣ್ಣಾ, ಮನೇಲಿ ಯಾರಿಗೋ ಹೊಟ್ಟೆನೋವಂತೆ? ಆಸ್ಪತ್ರೆಗೆ ಆಟೋ ಕರೀಲಾ?"

ಅವತ್ತೇ ನನ್ನ ಹೆಂಡತಿ ಮುನಿರತ್ನಮ್ಮ ಗಿಟಾರನ್ನು ಕೊಟ್ಟಿಗೆಗೆ ಸಾಗಿಸಿದಳು. ಕೊಟ್ಟಿಗೆಯಲ್ಲಿ ಇದ್ದವಳು ಕೆಂಪಿ, ನಾಟಿ ಹಸು. ಯಲ್ದೂರಿನ ತವರಿನಿಂದ ಕರುವಾಗಿದ್ದಾಗಲೇ ಮುನಿರತ್ನಮ್ಮ ತಂದು ಸಾಕಿದ್ದು. ನನ್ನ ಜೊತೆ ಇಲ್ಲದ ಸಲಿಗೆ ಅವಳಿಗೆ ಅದರ ಜೊತೆ. ಸಂಕ್ರಾಂತಿ ಕಳೆದ ಮೇಲೆ ಕೆಂಪಿ ಕರು ಹಾಕಿತು. ಇಪ್ಪತ್ತು ದಿನಕ್ಕೆ ಭೇದಿಯಾಗಿ ಆ ಕರು ಸತ್ತುಹೋಯಿತು. ನಾಟಿ ಹಸುವಿನ ಹಟ ನಿಮಗೆ ಗೊತ್ತಿರಬಹುದು, ಕರು ಕಾಣದಿದ್ದರೆ ಅದು ಹಾಲು ಇಳಿಸುವುದಿಲ್ಲ. ಕೆಂಪಿ ಮೇವನ್ನೂ ಬಿಟ್ಟಿತು. ಕೆಚ್ಚಲು ಕಲ್ಲಿನಂತಾಯಿತು, ಮುಟ್ಟಿದರೆ ಒದೆಯುತ್ತಿತ್ತು. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸಿ ಎಂದು ಹಿರಿಯರು ಹೇಳಿದರು. ಇಂಜೆಕ್ಷನ್ ಕೊಡಿಸಿ ಎಂದು ಕೃಷ್ಣಪ್ಪ ಹೇಳಿದ. ಮುನಿರತ್ನಮ್ಮ ಎರಡನ್ನೂ ಒಪ್ಪಲಿಲ್ಲ. ಕೊನೆಗೆ ದನದ ದಲ್ಲಾಳಿ ಬಂದು ಹಸುವಿನ ಸುತ್ತ ಎರಡು ಸುತ್ತು ಹಾಕಿ, ಭಾನುವಾರ ಬಂದು ಹೊಡೆದುಕೊಂಡು ಹೋಗುತ್ತೇನೆ ಎಂದು ಹೋದ. ಮುನಿರತ್ನಮ್ಮ ಅಳಲಿಲ್ಲ. ಗೊಂತಿನ ಪಕ್ಕದಲ್ಲಿ ಸುಮ್ಮನೆ ಕೂತುಬಿಟ್ಟಳು. ಅವಳು ಅತ್ತರೆ ಸಮಾಧಾನ ಮಾಡಲು ನನಗೆ ಬರುತ್ತದೆ, ಸುಮ್ಮನೆ ಕೂತರೆ ಏನು ಮಾಡಬೇಕೋ ತಿಳಿಯುವುದಿಲ್ಲ.

ತಿಳಿಯದೆ ಗಿಟಾರಿನ ಮುಂದೆ ಕೂತೆ. ಟವಲು ತಂತಿಗಳ ಅಡಿಯಲ್ಲೇ ಇತ್ತು. ಪಿಸ್ಟನ್ ಪಿನ್ನನ್ನು ದಪ್ಪ ತಂತಿಯ ಮೇಲಿಟ್ಟು ಜಾರಿಸುತ್ತಾ, ಪೆಡಲನ್ನು ಅರ್ಧ ಒತ್ತಿ ಬಿಟ್ಟೆ. ಮೂಗಿನಿಂದ ಹೊರಟಂಥ ಒಂದು ಸದ್ದು ಬಂತು, "ಅಂ...ಬಾ". ಕೆಂಪಿ ಎರಡೂ ಕಿವಿ ಮುಂದೆ ಮಾಡಿ ತಿರುಗಿತು. ಇನ್ನೊಂದು ಸಲ ಬಾರಿಸಿದೆ. ಅದು ಗಂಟಲಲ್ಲೇ ಹೂಂಗುಟ್ಟಿತು. ಮುನಿರತ್ನಮ್ಮ ಚೆಂಬು ಎತ್ತಿಕೊಂಡು ಕೆಳಗೆ ಕೂತಳು. ಚೆಂಬಿನಲ್ಲಿ ಹಾಲು ಬಿದ್ದ ಸದ್ದು ಕೇಳಿದ ಮೇಲೂ ಪೆಡಲಿನಿಂದ ಕಾಲು ತೆಗೆಯದೆ ಬಾರಿಸುತ್ತಲೇ ಇದ್ದೆ. ಭಾನುವಾರ ದಲ್ಲಾಳಿ ಬರೀ ಕಾಫಿ ಕುಡಿದು ಹೋದ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಒಳ್ಳೆಯವನೇ. ಆದರೆ ಬಾರಿಸುವವನಿಗೆ ಕೇಳುವವರು ಸಿಕ್ಕರೆ ತಲೆ ನಿಲ್ಲುವುದಿಲ್ಲ. ಹೊತ್ತಿಗೊಂದು ಬಗೆ ಅಭ್ಯಾಸ ಮಾಡಿದೆ. ಹಸಿದ ಕರು, ನಿದ್ದೆಗಣ್ಣಿನ ಕರು, ಗೋಡೆಯ ಆಚೆ ಸಿಕ್ಕಿಕೊಂಡ ಕರು. ಕೃಷ್ಣಪ್ಪ ನೆಂಟರನ್ನು ಕರೆತಂದು ತೋರಿಸಿದ, ನಾನು ಬಿಳಿ ಪಂಚೆ ಉಟ್ಟುಕೊಂಡು ಬಾರಿಸಿದೆ. ಹಾಲು ಕರೆದು ಮುಗಿದ ಮೇಲೆ ಕೆಂಪಿ ದಿನಾ ಕತ್ತು ಚಾಚಿ ಗಿಟಾರಿನ ಕಾಲನ್ನು ಮೂಸಿ, ನಾಲಿಗೆಯಿಂದ ನೆಕ್ಕುತ್ತಿತ್ತು. ಆ ಸದ್ದು ಕೇಳಿದರೆ ನಾನು ಅತ್ತ ನೋಡದೆ ಆಂಪ್ಲಿಫೈಯರಿನ ತಿರುಪು ಹುಡುಕುತ್ತಿದ್ದೆ. ಮಗು ಸತ್ತ ತಾಯಿಗೆ ದಿನಕ್ಕೆರಡು ಸಲ ಮಗು ಬಂತೆಂದು ಹೇಳುವುದು, ಆಮೇಲೆ ಸ್ವಿಚ್ಚು ಆರಿಸುವುದು. ಅನ್ನ ತಿನ್ನುವ ಮನುಷ್ಯ ಮಾಡುವ ಕೆಲಸವೇ ಇದು ಎಂದು ಅನಿಸುತ್ತಿತ್ತು. ಅಷ್ಟರಲ್ಲಿ ಮುನಿರತ್ನಮ್ಮ "ಬರ್ರೀ" ಎಂದು ಕೂಗುತ್ತಿದ್ದಳು, ಹೋಗುತ್ತಿದ್ದೆ.

ಮಾವಿನ ಕಾಲದಲ್ಲಿ ಮುಳಬಾಗಿಲಿನ ತಂಗಿಯ ಮನೆಗೆ ಗೃಹಪ್ರವೇಶಕ್ಕೆ ಹೋಗಬೇಕಾಯಿತು. ಎರಡು ದಿನ ಊಟ ಸೇರಲಿಲ್ಲ, ಕಿವಿಯಲ್ಲೆಲ್ಲ ಕೆಂಪಿಯೇ. ಬಸ್ಸಿಳಿದವನು ನೇರ ಕೊಟ್ಟಿಗೆಗೆ ಬಂದೆ. ಮುನಿರತ್ನಮ್ಮ ನೊರೆ ತುಂಬಿದ ಚೆಂಬು ಹಿಡಿದು ಬರುತ್ತಿದ್ದಳು. ಬಾರಿಸುವವರಿಲ್ಲದೆ ಹೇಗೆ ಕೊಟ್ಟಿತು ಎಂದು ಕೇಳಿದೆ.

"ಯುಗಾದಿಗೆ ನಿಮಗೆ ಜ್ವರ ಬಂದು ಮಲಗಿದ್ರಲ್ಲ, ಅವತ್ತಿಂದ ಅದಕ್ಕೇನೂ ಬೇಕಾಗಿಲ್ಲ. ಬೆನ್ನು ಸವರಿದ್ರೆ ಕೊಡ್ತದೆ."

"ಮತ್ತೆ ದಿನಾ ನನ್ನ ಯಾಕೆ ಕೂಗ್ತಿದ್ದೆ?"

ಅವಳು ಹಾಲು ಸೋಸುವುದನ್ನು ಮುಗಿಸಿ, ಬಟ್ಟೆ ಹಿಂಡಿ, ಆಮೇಲೆ ಹೇಳಿದಳು: "ಮದುವೆ ಆದಾಗಿಂದ ಕರೆದ್ರೆ ಒಂದೇ ಸಲಕ್ಕೆ ನೀವು ಎದ್ದು ಬಂದಿದ್ದು ಇದಕ್ಕೊಂದಕ್ಕೇ. ಅದಕ್ಕೇ ಕೂಗ್ತಿದ್ದೆ."

ನನ್ನ ಪಾಪದ ಲೆಕ್ಕವೆಲ್ಲ ಹಸುವಿನ ಹೆಸರಿನಲ್ಲಿ ಬರೆದುಕೊಂಡಿದ್ದೆ. ಅಸಲು ಬೇರೆ ಕಡೆ ಇತ್ತು ಎಂದು ಆಗ ತಿಳಿಯಿತು. ಮಾರನೆಯ ಬೆಳಿಗ್ಗೆ ಪ್ರಾಯಶ್ಚಿತ್ತ ಮಾಡೋಣವೆಂದು ಟವಲು ತೆಗೆದು, ಅವಳಿಗಾಗಿ ನಿಜವಾದ ಹಾಡೊಂದನ್ನು ಬಾರಿಸಲು ಹೊರಟೆ. ಎರಡನೆಯ ಸಾಲಿಗೆ ಕೆಂಪಿ ಕಾಲೆತ್ತಿತು. ಮುನಿರತ್ನಮ್ಮ ಚೆಂಬು ಪಕ್ಕಕ್ಕೆಳೆದುಕೊಂಡು, "ಇದು ಬೇಡ, ಕರುದೇ ಬಾರಿಸಿ" ಎಂದಳು.

ಅಂದಿನಿಂದ ಅದನ್ನೇ ಬಾರಿಸುತ್ತಿದ್ದೇನೆ. ಈಗ ಆ ಕೊಟ್ಟಿಗೆಯಲ್ಲಿ ಮೋಸ ಹೋಗುವವರು ಯಾರೂ ಇಲ್ಲ, ಮನಸ್ಸು ನಿರಾಳವಾಗಿದೆ. ಸಣ್ಣದೊಂದು ಅನುಮಾನ ಮಾತ್ರ ಉಳಿದಿದೆ. ಕರುವಿನ ಕೂಗು ಬಾರಿಸುವವನು ನಾನು, ಸರಿ. ಆದರೆ ಮುನಿರತ್ನಮ್ಮ ಒಂದು ಸಲ ಕೂಗಿದ ಕೂಡಲೇ ಬಾಲ ಎತ್ತಿಕೊಂಡು ಕೊಟ್ಟಿಗೆಗೆ ಓಡುವವನೂ ನಾನೇ.