ಷಡ್ಡಕ ಕೆತ್ತಿದ ಮಣೆ

ನನ್ನ ಷಡ್ಡಕ ಊಟಕ್ಕೆ ಕರೆದರೆ ಧಾರಾಳವಾಗಿ ಹೋಗಿ, ಹೊಟ್ಟೆ ಬಿರಿಯುವಷ್ಟು ಉಣ್ಣಿ. ಆದರೆ ಅವನು ಹಾಕಿದ ಮಣೆಯ ಮೇಲೆ ಮಾತ್ರ ದಯವಿಟ್ಟು ಕೂರಬೇಡಿ! ಕೂತಿರೋ, ಏಳುವ ಹೊತ್ತಿಗೆ ನೀವು ಬರೀ ಅತಿಥಿಯಾಗಿ ಉಳಿದಿರುವುದಿಲ್ಲ. ಅಚ್ಚಿನ ಯಂತ್ರದ ಒಂದು ಭಾಗವಾಗಿರುತ್ತೀರಿ.

ಹೆಂಡತಿಯ ತಂಗಿಯ ಗಂಡ ಎಂಬ ಜೀವಿಯನ್ನು ದೇವರು ಸೃಷ್ಟಿಸಿದ್ದೇ ಹೋಲಿಕೆಗಾಗಿ ಇರಬೇಕು. ನಾನು ಹೊನ್ನಾಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಡಿಪ್ಲೊಮಾ ಇದೆ, ಫ್ರೇಮು ಹಾಕಿಸಿದ್ದೇನೆ. ಅವನು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅಂದರೆ ನಮ್ಮ ಅತ್ತೆಯ ಊರಿನಲ್ಲೇ, ಸೈಕಲ್ ಶಾಪ್ ಇಟ್ಟವನು. ಅವನಿಗೆ ವರ್ಷಕ್ಕೊಂದು ಹುಚ್ಚು. ಒಂದು ವರ್ಷ ಜೇನು ಸಾಕಿದ. ಬೀದಿಯವರೆಲ್ಲ ಮುಖ ಊದಿಸಿಕೊಂಡು ಓಡಾಡಿದರು. ಇನ್ನೊಂದು ವರ್ಷ ಹಾರ್ಮೋನಿಯಂ. ಜೇನೇ ವಾಸಿಯಾಗಿತ್ತು ಎಂದರು! ಇದರಿಂದೆಲ್ಲ ನನಗೆ ತೊಂದರೆ ಇರಲಿಲ್ಲ. ಅತ್ತೆಯ ಮನೆಯಲ್ಲಿ 'ಚಿತ್ರ ಬರೆಯುವ ಅಳಿಯ' ಎಂಬ ಕುರ್ಚಿ ಒಂದಿತ್ತು, ಅದರಲ್ಲಿ ನಾನೊಬ್ಬನೇ ಕೂತಿದ್ದೆ. ನನಗಿದ್ದ ಆಸ್ತಿ ಅದೊಂದೇ. ಎಂಬತ್ತರ ದಶಕದ ನಡುವಿನಲ್ಲಿ ಅವನು ಅದಕ್ಕೇ ಕೈ ಹಾಕಿದ.

ಆದದ್ದಿಷ್ಟು. ಊರ ಪಕ್ಕದ ಗೋಮಾಳದಲ್ಲಿ ಅರಣ್ಯ ಇಲಾಖೆಯವರು ನೀಲಗಿರಿ ನೆಡುತ್ತಾರೆಂದು ಸುದ್ದಿ ಬಂತು. ಊರಿನ ಮೇಕೆ, ಎಮ್ಮೆ, ದನ ಎಲ್ಲ ಮೇಯುವುದು ಅಲ್ಲೇ. ನೀಲಗಿರಿ ಎಲೆಯನ್ನು ಮೇಕೆ ಕೂಡ ಮೂಸಿ ನೋಡುವುದಿಲ್ಲ. ಊರವರು ಅರ್ಜಿ ಕೊಟ್ಟರು, ಉತ್ತರವಿಲ್ಲ. ಆಗ ನನ್ನ ಷಡ್ಡಕ, "ಅರ್ಜಿ ಓದಾಕೆ ಪುರಸೊತ್ತಿಲ್ದೋರು ಚಿತ್ರ ನೋಡ್ತಾರೆ" ಎಂದು, ಮದುವೆಯಲ್ಲಿ ಮಾವ ಕೊಟ್ಟ ಹಲಸಿನ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆತ್ತಲು ಕೂತನಂತೆ! ಅಂಥದೇ ಮಣೆ ನನಗೂ ಕೊಟ್ಟಿದ್ದಾರೆ. ನಾನು ಅದರ ಮೇಲೆ ಕೂತು ಉಂಡದ್ದು ಬಿಟ್ಟರೆ ಬೇರೇನೂ ಹೊಳೆದಿರಲಿಲ್ಲ.

ಸುದ್ದಿ ತಿಳಿದು ಭಾನುವಾರ ಬಸ್ಸು ಹತ್ತಿದೆವು. ಸಾಸ್ವೆಹಳ್ಳಿ ದಾಟುವ ತನಕ ಹೆಂಡತಿ ಅವನನ್ನು ಹೊಗಳಿದಳು. ದಾಟಿದ ಮೇಲೆ ನನ್ನ ಮುಖ ನೋಡಿ, "ನಿಮ್ದೂ ಚೆನ್ನಾಗೇ ಐತೆ ಬಿಡ್ರಿ" ಎಂದಳು. ಈ 'ಬಿಡ್ರಿ' ಎಂಬ ಮಾತಿಗಿಂತ ಕ್ರೂರವಾದದ್ದು ಏನಾದರೂ ಇದೆಯೇ?

ಸೈಕಲ್ ಚಕ್ರದ ಕಡ್ಡಿಯನ್ನು ಬಡಿದು ಚೂಪು ಮಾಡಿ ಉಳಿ ಮಾಡಿಕೊಂಡಿದ್ದ. ದೀಪದ ಮಸಿಗೆ ಅಗಸೆ ಎಣ್ಣೆ ಕಲಸಿದ ಶಾಯಿ. ಲಟ್ಟಣಿಗೆಗೆ ಹಳೆಯ ಟ್ಯೂಬು ಸುತ್ತಿದ ರೋಲರು. ಕೆತ್ತಿ ತೆಗೆದದ್ದು ಬಿಳಿ, ಉಳಿದದ್ದು ಕಪ್ಪು, ಅಷ್ಟೇ. ಬಾಚಣಿಗೆಯ ಹಲ್ಲಿನಂತೆ ಸಾಲುಸಾಲು ಮರ. ಎದುರಿಗೆ ಸೊಂಟಕ್ಕೆ ಸೆರಗು ಬಿಗಿದ ಹೆಂಗಸರು. ನಡುವೆ ಒಂದು ಮೇಕೆ.

ನಾನು ಕನ್ನಡಕ ಹಾಕಿಕೊಂಡು ತಪ್ಪು ಹುಡುಕಿದೆ. ದೇವರ ದಯೆ, ಬೇಕಾದಷ್ಟಿದ್ದವು!

"ಇದಕ್ಕೆ ಪರ್ಸ್ಪೆಕ್ಟಿವ್ ಎಲ್ಲಯ್ಯಾ?"

"ಅದೇನು ಅಣ್ಣಾರೆ, ದಾವಣಗೆರೇಲಿ ಸಿಗ್ತೈತಾ?"

ಅಷ್ಟರಲ್ಲಿ ಅತ್ತೆ ಬಂದು ಬಗ್ಗಿ ನೋಡಿ, "ಅಯ್ಯೋ ನಮ್ಮವ್ವ, ಇದು ನಮ್ಮ ಕರೇ ಮೇಕೆ ಅಲ್ಲೇನು!" ಎಂದು ಕೂಗಿದರು. ಇದೇ ಅತ್ತೆ, ನಾನು ಒಂದು ಬೇಸಿಗೆ ರಜೆಯಿಡೀ ಕೂತು ಬರೆದ ಮಾವನವರ ಚಿತ್ರ ನೋಡಿ, "ಯಾರ್ರೀ ಇವ್ರು, ಪಾಪ?" ಎಂದು ಕೇಳಿದ್ದರು.

ಒತ್ತುವ ಯಂತ್ರ? ಅದಕ್ಕೇ ಊಟ. ಮಣೆಗೆ ಶಾಯಿ ಹಚ್ಚಿ, ಕಾಗದ ಹಾಸಿ, ಮೇಲೆ ಕಂಬಳಿ ಮಡಿಸಿ ಹಾಕಿ, "ಬರ್ರಿ, ಕೂತ್ಕಳ್ರಿ" ಎನ್ನುವುದು. ನಾನು ಇದೇನು ಮರ್ಯಾದೆ ಎಂದು ಉಬ್ಬಿ ಕೂತೆ. ಪಾಯಸ ಮುಗಿದು ಎದ್ದರೆ ಕೆಳಗಿನಿಂದ ಹಾಳೆ ಎಳೆದು, "ನೋಡ್ರಪ್ಪ! ಅಣ್ಣಾರು ಕೂತ್ರೆ ಅಚ್ಚು ಹೆಂಗೆ ಗಾಢ ಬೀಳ್ತೈತೆ!" ಎಂದ. ಡಿಪ್ಲೊಮಾ ಪಡೆದ ಕಲಾವಿದ ಈ ಮಹಾಕೃತಿಗೆ ಕೊಟ್ಟ ಕಾಣಿಕೆ ಇಷ್ಟೇ. ಅದೂ ಆ ಭಾಗದಿಂದ!

ಹೋಟೆಲಿನ ಗೋಡೆ, ಬಸ್ಸಿನ ಬೆನ್ನು, ಅಡಿಕೆ ಮಂಡಿಯ ಬಾಗಿಲು, ಎಲ್ಲೆಲ್ಲೂ ಆ ಹಾಳೆಗಳೇ ಅಂಟಿಕೊಂಡವು. ನ್ಯಾಮತಿ ಸಂತೆಗೆ ಹೋದರೂ ಆ ಮೇಕೆ ನನ್ನನ್ನೇ ದಿಟ್ಟಿಸುತ್ತಿತ್ತು.

ಮುಂದೊಂದು ಭಾನುವಾರ ನಾವು ಅಲ್ಲಿದ್ದಾಗಲೇ ಸಸಿ ತುಂಬಿದ ಟ್ರಾಕ್ಟರ್ ಗೋಮಾಳಕ್ಕೆ ಬಂತು. ಊರೆಲ್ಲ ಅಡ್ಡ ನಿಂತಿತು. ನಾನು ಸರ್ಕಾರಿ ನೌಕರ. ಎಲ್ಲರ ಹಿಂದೆ, ಕೊಡೆ ಬಿಚ್ಚಿ ಮುಖ ಮರೆಸಿಕೊಂಡು ನಿಂತಿದ್ದೆ. ಪೊಲೀಸರೊಡನೆ ಬಂದ ಸಾಹೇಬರು ಹಾಳೆ ಎತ್ತಿ ಹಿಡಿದು, "ಇದನ್ನ ಬರೆದೋರು ಯಾರು? ಈ ಊರಿಗೆ ಚಿತ್ರ ಬರಿಯೋ ಮೇಷ್ಟ್ರು ಒಬ್ರು ಬರ್ತಾರಂತಲ್ಲ?" ಎಂದರು.

"ಇಗೋ, ನಮ್ಮೂರ ದೊಡ್ಡ ಅಳಿಯಂದ್ರು!" ಎಂದು ಯಾರೋ ಪುಣ್ಯಾತ್ಮರು ಹೆಮ್ಮೆಯಿಂದ ನನ್ನನ್ನು ಮುಂದೆ ತಳ್ಳಿದರು. ಈ ಮನ್ನಣೆಗಾಗಿ ಎಷ್ಟು ವರ್ಷ ಕಾದಿದ್ದೆ! ಬರಬಾರದ ಹೊತ್ತಿನಲ್ಲಿ ಬಂತು.

"ಸರ್ಕಾರದ ಸಂಬಳ ತಿಂದು ಸರ್ಕಾರದ ಮೇಲೇ ಬರೀತೀರೇನ್ರಿ?"

'ಹೌದು, ನಂದೇ' ಎನ್ನುವ ಆಸೆ ಒಂದು ಕಡೆ, ನಂಬುತ್ತೀರಾ? ಸಸ್ಪೆಂಡು, ಪಿಂಚಣಿ, ಮಕ್ಕಳು ಇನ್ನೊಂದು ಕಡೆ. ಅಷ್ಟರಲ್ಲಿ ಷಡ್ಡಕ ಮುಂದೆ ಬಂದ.

"ಅವ್ರಿಗೆ ಇದೆಲ್ಲ ಎಲ್ಲಿ ಬರ್ತೈತೆ, ಬಿಡ್ರಿ ಸ್ವಾಮಿ! ಅವ್ರು ಮಾವಿನಹಣ್ಣು ಬರೆದ್ರೆ ನಮ್ಮತ್ತೆ ಬದನೆಕಾಯಿ ಅಂತ ಹೆಚ್ಚಾಕೆ ಹೋಗಿದ್ರು. ಇದು ನಂದು. ಬೇಕಾದ್ರೆ ಮಣೆ ತರ್ತೀನಿ."

ಊರಿಗೆ ಊರೇ ನಕ್ಕಿತು. ಸಾಹೇಬರೂ ನಕ್ಕರು. ಸಸಿ ಇಳಿಸಲಾಗದೆ ಟ್ರಾಕ್ಟರ್ ಹಿಂದಿರುಗಿತು. ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ನನ್ನ ತಲೆಯಲ್ಲಿ ಮಾತ್ರ ಆ ಬದನೆಕಾಯಿಯೇ ಕುದಿಯುತ್ತಿತ್ತು.

ಸಂಜೆ ಅತ್ತೆ ಬುತ್ತಿ ಕಟ್ಟಿ ನನ್ನನ್ನೇ ಠಾಣೆಗೆ ಅಟ್ಟಿದರು. ಅವನು ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತಿದ್ದ.

"ಸಿಟ್ಟಾ ಅಣ್ಣಾರೆ?"

"ನಾನು ಜನ್ಮದಲ್ಲಿ ಮಾವಿನಹಣ್ಣು ಬರೆದಿಲ್ಲ!"

"ಗೊತ್ತು ಕಣ್ರಿ. ನಗಿಸದಿದ್ರೆ ಅವ್ರು ನಿಮ್ಮನ್ನ ಬಿಡ್ತಿದ್ರಾ? ನಂದು ಸೈಕಲ್ ಶಾಪು, ನಾಳೆ ಹೋಗಿ ಬಾಗ್ಲು ತೆಗೀತೀನಿ. ನಿಮ್ ಕೆಲ್ಸ ಹೋದ್ರೆ ತಿರುಗಿ ಬರ್ತೈತಾ?"

ನೋಡಿದಿರಾ? ಒಳ್ಳೆಯತನದಲ್ಲೂ ನನಗಿಂತ ಮುಂದೆ! ಬುತ್ತಿ ಬಿಚ್ಚಿದೆ. ಅವನಿಗೆ ರೊಟ್ಟಿ ಮುರಿಯಲಾಗಲಿಲ್ಲ. ಹೆಬ್ಬೆರಳಿನಲ್ಲಿ ಹಲಸಿನ ಸಿಬಿರು ಮುರಿದು ಕೂತು, ಬೆರಳು ಊದಿ ಕೆಂಪಾಗಿತ್ತು. ಯಾರಿಗೂ ಹೇಳಿರಲಿಲ್ಲ. ನಾನೇ ರೊಟ್ಟಿ ಮುರಿದು, ಪಲ್ಯ ಸುತ್ತಿ, ಅವನ ಬಾಯಿಗೆ ಹಿಡಿದೆ.

"ಉಪ್ಪು ಕಮ್ಮಿ ಐತೆ" ಎಂದ.

"ಸುಮ್ನೆ ತಿನ್ನೋ" ಎಂದೆ. ಕಣ್ಣು ಮಂಜಾಗಿ ಅವನ ಬಾಯಿ ಎಲ್ಲಿದೆಯೆಂದು ಕಾಣದೆ, ಎರಡನೆಯ ತುತ್ತು ಮೀಸೆಗೆ ತಗುಲಿತು.